ಜಿಎನ್‌ಇ ಮಯೋಪಥಿ: ಒಂದೇ ಮನೆತನದ ಎರಡು ವರದಿಗಳಲ್ಲಿ ಸಂಖ್ಯೆ ಬೇರೆ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಮೂರು ವರ್ಷಗಳಿಂದ ನಡೆಯುವಾಗ ಪಾದದ ಮುಂಭಾಗ ನೆಲಕ್ಕೆ ತಗಲುತ್ತದೆ, ಚಪ್ಪಲಿ ಕಳಚಿಕೊಳ್ಳುತ್ತದೆ, ಎಡವಿ ಬೀಳುತ್ತಾನೆ. ಮೊದಲು ಬೆನ್ನಿನ ಡಿಸ್ಕ್ ತೊಂದರೆ ಎಂದಿದ್ದರು. ಈಗ ಎಕ್ಸೋಮ್ ಪರೀಕ್ಷೆಯಲ್ಲಿ (ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ಡಿಎನ್‌ಎ ಭಾಗಗಳನ್ನು ಓದುವ ಪರೀಕ್ಷೆ) ಜಿಎನ್‌ಇ ಜೀನ್‌ನಲ್ಲಿ ಎರಡು ಮ್ಯುಟೇಷನ್ ಸಿಕ್ಕಿವೆ: ಸಿ.2179ಜಿ>ಎ (ಪಿ.ವ್ಯಾಲ್727ಮೆಟ್) ಮತ್ತು ಸಿ.1853ಟಿ>ಸಿ (ಪಿ.ಐಲ್618ಥರ್). ಎರಡರ ಮುಂದೆಯೂ ‘ಹೆಟೆರೋಜೈಗಸ್’ (ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ) ಎಂದಿದೆ. ದೊಡ್ಡಪ್ಪನ ಮಗಳಿಗೂ ಹೀಗೆಯೇ ಕಾಲು ಸೋಲುತ್ತಿದೆ. ಆದರೆ ಅವಳ ಹಳೆಯ ವರದಿಯಲ್ಲಿ ವಿ696ಎಂ ಎಂಬ ಒಂದೇ ಬದಲಾವಣೆ ಇದ್ದು, ‘ನೀವು ವಾಹಕಿ ಮಾತ್ರ’ ಎಂದು ಹೇಳಿ ಕಳಿಸಿದ್ದಾರೆ. ಅಪ್ಪ-ಅಮ್ಮ ರಕ್ತಸಂಬಂಧಿಗಳಲ್ಲ, ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಅಕ್ಕನಿಗೆ 44, ನನಗೆ 33. ನಮಗಿಬ್ಬರಿಗೂ ಏನೂ ತೊಂದರೆಯಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ಮಾತು ಮನೆಯಲ್ಲಿ ಮೊದಲಿನಿಂದಲೂ ಇದೆ. ಇಬ್ಬರದೂ ಒಂದೇ ಕಾಯಿಲೆಯೇ? ನಾವೆಲ್ಲ ಪರೀಕ್ಷೆ ಮಾಡಿಸಬೇಕೇ? ಔಷಧ ಇದೆಯೇ?

ಉತ್ತರ: ವಿ696ಎಂ ಮತ್ತು ಪಿ.ವ್ಯಾಲ್727ಮೆಟ್ ಎರಡೂ ಒಂದೇ ಬದಲಾವಣೆಯ ಎರಡು ಹೆಸರು. ಹಾಗಾಗಿ ನಿಮ್ಮ ತಮ್ಮನದೂ ದೊಡ್ಡಪ್ಪನ ಮಗಳದೂ ಒಂದೇ ಕಾಯಿಲೆ ಇರುವ ಸಾಧ್ಯತೆಯೇ ಹೆಚ್ಚು: ಜಿಎನ್‌ಇ ಜೀನ್ ಕೆಟ್ಟು ಸ್ನಾಯುಗಳು ನಿಧಾನವಾಗಿ ಸೋಲುವ ಜಿಎನ್‌ಇ ಮಯೋಪಥಿ. ಕಾಲಿನ ಬಲ ಕುಂದುತ್ತಿರುವಾಗ ಅವರನ್ನು ‘ವಾಹಕಿ ಮಾತ್ರ’ (ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿದ್ದು ಕಾಯಿಲೆ ಇಲ್ಲದವರು) ಎಂದು ಕಳಿಸಿದ್ದು ಸರಿಯಲ್ಲ. ಆ ವರದಿಯನ್ನು ಮತ್ತೆ ತೆರೆಯಬೇಕು. ಇನ್ನು ತಮ್ಮನ ವಿಷಯದಲ್ಲಿ ಒಂದು ಪರೀಕ್ಷೆ ಬಾಕಿ ಇದೆ. ಅದು ಅವರದ್ದಲ್ಲ, ನಿಮ್ಮ ತಂದೆ-ತಾಯಿಯದು. ಅದಾಗುವವರೆಗೆ ಮನೆಯ ಉಳಿದವರ ಬಗ್ಗೆ ಹಾಕುವ ಯಾವ ಲೆಕ್ಕಕ್ಕೂ ಗಟ್ಟಿ ತಳವಿಲ್ಲ.

ಮೊದಲು ಸಂಖ್ಯೆಗಳ ಗೊಂದಲ. ಜಿಎನ್‌ಇ ಜೀನ್‌ನಿಂದ ತಯಾರಾಗುವ ಪ್ರೋಟೀನ್‌ಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಹಿಂದೆ 722 ಅಮೈನೋ ಆಮ್ಲಗಳ ರೂಪವನ್ನು ಇಟ್ಟುಕೊಂಡು ಸ್ಥಾನಗಳನ್ನು ಎಣಿಸುತ್ತಿದ್ದರು. 2014ರಲ್ಲಿ ಈ ಕಾಯಿಲೆಗೆ ‘ಜಿಎನ್‌ಇ ಮಯೋಪಥಿ’ ಎಂಬ ಒಂದೇ ಹೆಸರನ್ನು ಒಪ್ಪಿಸುವಾಗಲೇ, 753 ಅಮೈನೋ ಆಮ್ಲಗಳ ಉದ್ದ ರೂಪದ ಪ್ರಕಾರ ಎಣಿಸಬೇಕೆಂದೂ ಸಂಶೋಧಕರು ಸೂಚಿಸಿದರು. ವ್ಯತ್ಯಾಸ 31. ಹಳೆಯ 696ಕ್ಕೆ 31 ಸೇರಿಸಿದರೆ 727. ಡಿಎನ್‌ಎ ಮಟ್ಟದಲ್ಲಿ ಒಂದು ಅಮೈನೋ ಆಮ್ಲಕ್ಕೆ ಮೂರು ಅಕ್ಷರಗಳಾದ್ದರಿಂದ ವ್ಯತ್ಯಾಸ 93 ಆಗುತ್ತದೆ: ಹಳೆಯ ಸಿ.2086ಜಿ>ಎ ಎಂಬುದೇ ಹೊಸ ಸಿ.2179ಜಿ>ಎ. ತಮ್ಮನ ಎರಡನೆಯ ಬದಲಾವಣೆಯೂ ಹಾಗೆಯೇ. ಹಳೆಯ ಪ್ರಬಂಧಗಳಲ್ಲಿ ಅದು ಐ587ಟಿ, ಸಿ.1760ಟಿ>ಸಿ ಎಂದು ಸಿಗುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದೇ ಗೇಟಿನ ಮೇಲೆ ‘ಹಳೇ ನಂ., ಹೊಸ ನಂ.’ ಎಂದು ಎರಡು ಸಂಖ್ಯೆ ಇರುತ್ತದಲ್ಲ, ಇದೂ ಅಷ್ಟೇ, ಮನೆ ಬದಲಾಗಿಲ್ಲ. ಯಾವ ವರದಿಯನ್ನೇ ನೋಡಿದರೂ ಬದಲಾವಣೆಯ ಪಕ್ಕದಲ್ಲಿ ಬರೆದಿರುವ ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆಯನ್ನು (ಯಾವ ರೂಪದ ಪ್ರಕಾರ ಎಣಿಸಿದ್ದಾರೆ ಎಂದು ತಿಳಿಸುವ ಗುರುತು) ತಪ್ಪದೆ ನೋಡಿ. ಅದನ್ನೇ ಬರೆಯದ ವರದಿಯಾದರೆ ಲ್ಯಾಬ್‌ಗೆ ಕೇಳಿ ಬರೆಸಿಕೊಳ್ಳಿ. ಇದನ್ನು ಗಮನಿಸದೆ, ಅಣ್ಣನಿಗೆ ಒಂದು ಮ್ಯುಟೇಷನ್ ತಂಗಿಗೆ ಇನ್ನೊಂದು ಎಂದುಕೊಂಡು, ತಪ್ಪು ಜಾಗವನ್ನು ಪರೀಕ್ಷಿಸಿ ‘ಇಲ್ಲ’ ಎಂದು ಬರೆದುಬಿಡುವ ಅಪಾಯವಿದೆ.

ಜೀನ್ ಮಾಡುವ ಕೆಲಸ ಹೀಗಿದೆ. ಇದು 9ನೇ ವರ್ಣತಂತುವಿನ ಚಿಕ್ಕ ತೋಳಿನಲ್ಲಿದೆ. ಇದರಿಂದ ಬರುವ ಕಿಣ್ವಕ್ಕೆ ಎರಡು ಭಾಗ, ಎರಡು ಕೆಲಸ: ಒಂದು ಭಾಗ ಎಪಿಮರೇಸ್, ಇನ್ನೊಂದು ಕೈನೇಸ್. ಜೀವಕೋಶದೊಳಗೆ ಸಯಾಲಿಕ್ ಆಮ್ಲ ತಯಾರಾಗುವ ಸರಣಿಯ ಮೊದಲ ಎರಡು ಹೆಜ್ಜೆಗಳನ್ನು ಈ ಒಂದೇ ಕಿಣ್ವ ನಡೆಸುತ್ತದೆ. ಕೋಶದ ಮೇಲ್ಮೈಯ ಪ್ರೋಟೀನ್ ಮತ್ತು ಕೊಬ್ಬುಗಳಿಗೆ ಜೋಡಿಸಿಕೊಂಡ ಸಕ್ಕರೆ ಸರಪಳಿಗಳ ತುದಿಯಲ್ಲಿ ಕೂರುವುದು ಈ ಸಯಾಲಿಕ್ ಆಮ್ಲ. ನಿಮ್ಮ ತಮ್ಮನ ಎರಡೂ ಬದಲಾವಣೆಗಳು ಕೈನೇಸ್ ಭಾಗದಲ್ಲಿವೆ. ಒಂದರಲ್ಲಿ ಡಿಎನ್‌ಎಯ ಜಿ ಅಕ್ಷರ ಎ ಆಗಿ, ವ್ಯಾಲೀನ್ ಇರಬೇಕಾದಲ್ಲಿ ಮೆಥಿಯೋನೀನ್ ಬಂದಿದೆ. ಇನ್ನೊಂದರಲ್ಲಿ ಟಿ ಅಕ್ಷರ ಸಿ ಆಗಿ, ಐಸೋಲ್ಯೂಸೀನ್ ಬದಲು ಥ್ರಿಯೋನೀನ್ ಬಂದಿದೆ. ಇಂಥವನ್ನು ಮಿಸ್‌ಸೆನ್ಸ್ ಬದಲಾವಣೆ ಎನ್ನುತ್ತಾರೆ. ಕಿಣ್ವ ಇಲ್ಲವಾಗುವುದಿಲ್ಲ, ಅದರ ಸಾಮರ್ಥ್ಯ ತಗ್ಗುತ್ತದೆ. ಈ ಜೀನ್ ಪೂರ್ತಿ ಕೆಲಸ ನಿಲ್ಲಿಸಿದರೆ ಇಲಿಗಳಲ್ಲಿ ಭ್ರೂಣವೇ ಉಳಿಯುವುದಿಲ್ಲ. ಆದ್ದರಿಂದ ರೋಗಿಗಳಲ್ಲಿ ಎರಡು ಪ್ರತಿಗಳ ಪೈಕಿ ಕನಿಷ್ಠ ಒಂದರಲ್ಲಾದರೂ ಸ್ವಲ್ಪ ಕೆಲಸ ಉಳಿದಿರುವ ಮಿಸ್‌ಸೆನ್ಸ್ ಬದಲಾವಣೆ ಇರುತ್ತದೆ. ಕಾಯಿಲೆ ಹುಟ್ಟಿನಿಂದ ಕಾಣದೆ ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನ ನಡುವೆ ತಲೆಹಾಕುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಅಂತರ್ಜಾಲದಲ್ಲಿ ಈ ಜೀನ್ ಹೆಸರು ಹುಡುಕಿದರೆ ‘ಸಯಾಲುರಿಯಾ’ ಎಂಬ ಕಾಯಿಲೆಯೂ ಎದುರಾಗುತ್ತದೆ. ಅದು ಇದೇ ಜೀನ್‌ನ ಬೇರೆ ಜಾಗದ ಬದಲಾವಣೆಯಿಂದ, ಸಯಾಲಿಕ್ ಆಮ್ಲ ಮಿತಿಮೀರಿ ತಯಾರಾಗುವ ಕಾಯಿಲೆ. ನಿಮ್ಮ ಮನೆಯದು ಅದಲ್ಲ, ಅದನ್ನು ಓದಿ ಹೆದರಬೇಡಿ.

ಈ ಕಾಯಿಲೆಯನ್ನು ಜಪಾನಿನಲ್ಲಿ ನೊನಾಕಾ 1981ರಲ್ಲಿ ವಿವರಿಸಿದರು. ಇಸ್ರೇಲಿನಲ್ಲಿ ಇರಾನ್ ಮೂಲದ ಯಹೂದಿ ಕುಟುಂಬಗಳಲ್ಲಿ ಅರ್ಗೋವ್ ಮತ್ತು ಯಾರೋಮ್ 1984ರಲ್ಲಿ ವಿವರಿಸಿದರು. ಎರಡೂ ಒಂದೇ ಎಂದು ಖಚಿತವಾಗಲು ಜೀನ್ ಸಿಗಬೇಕಾಯಿತು, ಅದು 2001ರಲ್ಲಿ. ಒಂದೊಂದು ಸಮುದಾಯದಲ್ಲಿ ಒಂದೊಂದು ಬದಲಾವಣೆ ಬೇರುಬಿಟ್ಟಿದೆ. ಇರಾನಿ ಯಹೂದಿಗಳಲ್ಲಿ ಪಿ.ಮೆಟ್743ಥರ್, ಜಪಾನೀಯರಲ್ಲಿ ಪಿ.ವ್ಯಾಲ್603ಲ್ಯೂ ಮತ್ತು ಪಿ.ಆಸ್ಪ್207ವ್ಯಾಲ್, ಭಾರತ ಉಪಖಂಡದ ರೋಗಿಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ನಿಮ್ಮ ಮನೆಯ ಪಿ.ವ್ಯಾಲ್727ಮೆಟ್. ತಮ್ಮನ ಎರಡನೆಯ ಬದಲಾವಣೆ ಪಿ.ಐಲ್618ಥರ್ ಬಲ್ಗೇರಿಯಾದ ರೋಮಾ ಜನರಲ್ಲಿ ಮೂಲಪುರುಷನೊಬ್ಬನಿಂದ ಹರಡಿದ ಬದಲಾವಣೆಯಾಗಿ ದಾಖಲಾಗಿದೆ. ರೋಮಾ ಜನರ ಪೂರ್ವಜರು ವಾಯವ್ಯ ಭಾರತದಿಂದ ಹೊರಟವರು. ಅಂದರೆ ಎರಡೂ ಹೊಸದಾಗಿ ಹುಟ್ಟಿಕೊಂಡ ಬದಲಾವಣೆಗಳಲ್ಲ, ಬಹಳ ತಲೆಮಾರುಗಳಿಂದ ಮೌನವಾಗಿ ಹರಿದುಬಂದವು. ನಿಮ್ಮ ತಂದೆ-ತಾಯಿ ರಕ್ತಸಂಬಂಧಿಗಳಲ್ಲದಿದ್ದರೂ ಮಗನಿಗೆ ಕಾಯಿಲೆ ಬಂದದ್ದು ಹೀಗೆ. ಇಬ್ಬರೂ ಬೇರೆ ಬೇರೆ ಬದಲಾವಣೆ ಹೊತ್ತವರಾಗಿ ಒಬ್ಬರಿಗೊಬ್ಬರು ಸಿಕ್ಕರು, ಅಷ್ಟೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಈ ಮಾತನ್ನು ಅಮ್ಮನಿಗೆ ನೀವೇ ಕುಳಿತು ಹೇಳಿ, ಏಕೆಂದರೆ ಇಂಥ ವರದಿ ಬಂದ ಮನೆಗಳಲ್ಲಿ ದೂರು ಮೊದಲು ತಾಯಿಯ ತಲೆಗೇ ಬರುತ್ತದೆ.

ಈಗ ತಂದೆ-ತಾಯಿಯ ಪರೀಕ್ಷೆ. ಕಾಯಿಲೆ ಬರಬೇಕಾದರೆ ಜೀನ್‌ನ ಎರಡು ಪ್ರತಿಗಳೂ ಕೆಟ್ಟಿರಬೇಕು, ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಎಕ್ಸೋಮ್ ಪರೀಕ್ಷೆ ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಓದುತ್ತದೆ. ಎರಡು ಬದಲಾವಣೆಗಳು ಜೀನ್‌ನಲ್ಲಿ ದೂರ ದೂರ ಇದ್ದರೆ, ಅವು ಒಂದೇ ಪ್ರತಿಯ ಮೇಲಿವೆಯೇ ಅಥವಾ ಎರಡು ಬೇರೆ ಪ್ರತಿಗಳ ಮೇಲಿವೆಯೇ ಎಂಬುದನ್ನು ಅದು ಹೇಳಲಾರದು. ವರದಿಯಲ್ಲಿ ‘ಕಾಂಪೌಂಡ್ ಹೆಟೆರೋಜೈಗಸ್’ (ಎರಡು ಪ್ರತಿಗಳಲ್ಲಿ ಎರಡು ಬೇರೆ ಬದಲಾವಣೆ) ಎಂದು ಬರೆದಿದ್ದರೂ, ತಂದೆ-ತಾಯಿಯ ಮಾದರಿ ನೋಡದೆ ಬರೆದಿದ್ದರೆ ಅದು ಊಹೆಯೇ. ಪರೀಕ್ಷೆ ಸರಳ: ಇಬ್ಬರಿಂದಲೂ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2–3 ಮಿಲಿ ರಕ್ತ ತೆಗೆದು, ಈ ಎರಡು ಜಾಗಗಳನ್ನು ಮಾತ್ರ ಸ್ಯಾಂಗರ್ ವಿಧಾನದಲ್ಲಿ ಓದುವುದು. ಇವರಿಗೆ ಇನ್ನೊಂದು ಎಕ್ಸೋಮ್ ಬೇಡ. ಯಾರಾದರೂ ಹಾಗೆ ಹೇಳಿದರೆ ಕಾರಣ ಕೇಳಿ. ಉಪವಾಸ ಬೇಕಿಲ್ಲ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮಾತ್ರ ಮೊದಲೇ ತಿಳಿಸಬೇಕು.

ಫಲಿತಾಂಶ ಮೂರು ಬಗೆಯಾಗಿ ಬರಬಹುದು. ತಂದೆಯಲ್ಲಿ ಒಂದು, ತಾಯಿಯಲ್ಲಿ ಇನ್ನೊಂದು ಸಿಕ್ಕರೆ ರೋಗನಿರ್ಣಯ ಪಕ್ಕಾ. ನಿಮ್ಮ ಮನೆಯಲ್ಲಿ ಹೀಗೇ ಆಗುವ ನಿರೀಕ್ಷೆ ಇದೆ. ದೊಡ್ಡಪ್ಪನ ಮಗಳಲ್ಲೂ 727 ಇರುವುದರಿಂದ ಅದು ತಂದೆಯ ಕಡೆಯಿಂದ, 618 ತಾಯಿಯ ಕಡೆಯಿಂದ ಬಂದಿರಬೇಕು. ಆದರೆ ನಿರೀಕ್ಷೆಯನ್ನು ಸಾಬೀತೆಂದು ಎಣಿಸಬೇಡಿ. ಎರಡೂ ಒಬ್ಬರಲ್ಲೇ ಸಿಕ್ಕರೆ, ತಮ್ಮನ ಇನ್ನೊಂದು ಪ್ರತಿ ಸರಿಯಾಗಿದೆ ಎಂದೋ ಅಥವಾ ಅದರಲ್ಲಿ ಪರೀಕ್ಷೆಗೆ ಕಾಣದ ಬೇರೇನೋ ಇದೆ ಎಂದೋ ಅರ್ಥ. ಆಗ ಹುಡುಕಾಟ ಮುಂದುವರಿಯಬೇಕು. ಒಂದು ಬದಲಾವಣೆ ಇಬ್ಬರಲ್ಲೂ ಇಲ್ಲದಿದ್ದರೆ ಮೊದಲು ಟ್ಯೂಬುಗಳು ಅದಲುಬದಲಾಗಿಲ್ಲವೇ ಎಂದು ಖಾತ್ರಿ ಮಾಡಿಕೊಂಡು, ಹೊಸ ಮಾದರಿಯಿಂದ ಮತ್ತೊಮ್ಮೆ ಓದಿಸಬೇಕು. ಫಲಿತಾಂಶ ವಾಟ್ಸಾಪಿನಲ್ಲಿ ಬರುವ ಬದಲು ಜೆನೆಟಿಕ್ ಕೌನ್ಸೆಲರ್ ಎದುರಿಗೆ ಕೂತು ಕೇಳುವುದು ಒಳ್ಳೆಯದು.

ದೊಡ್ಡಪ್ಪನ ಮಗಳ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ವಾಹಕರಿಗೆ ಈ ಕಾಯಿಲೆಯ ಲಕ್ಷಣ ಇರುವುದಿಲ್ಲ. ಲಕ್ಷಣ ಇದ್ದು ಒಂದೇ ಬದಲಾವಣೆ ಸಿಕ್ಕಿದೆಯೆಂದರೆ ಎರಡನೆಯದನ್ನು ಇನ್ನೂ ಹುಡುಕಿಲ್ಲ ಎಂದೇ ಮೊದಲು ಸಂಶಯಿಸಬೇಕು. ಹಳೆಯ ಪರೀಕ್ಷೆ ಇಡೀ ಜೀನ್ ಓದಿತ್ತೇ ಅಥವಾ ಸಾಮಾನ್ಯವಾಗಿ ಸಿಗುವ ಕೆಲವು ಜಾಗಗಳನ್ನಷ್ಟೇ ನೋಡಿತ್ತೇ ಎಂದು ವಿಚಾರಿಸಿ. ಇಡೀ ಜೀನ್ ಓದಿದ್ದರೂ ಸಾಮಾನ್ಯ ಓದಿಗೆ ಸಿಗದ ಬದಲಾವಣೆಗಳಿವೆ. ಒಂದು ಪ್ರತಿಯಲ್ಲಿ ಒಂದಿಡೀ ಎಕ್ಸಾನ್ (ಪ್ರೋಟೀನ್ ಸೂಚನೆ ಇರುವ ಜೀನ್‌ನ ತುಂಡು) ಕಳೆದುಹೋಗಿದ್ದರೆ, ಎರಡನೆಯ ಪ್ರತಿಯಿಂದ ಬಂದ ಸರಿಯಾದ ಅಕ್ಷರಗಳೇ ಕಾಣುತ್ತವೆ, ನಷ್ಟ ಮರೆಯಾಗುತ್ತದೆ. ಜಿಎನ್‌ಇ ಜೀನ್‌ನ ಮುಂಭಾಗದ ಪ್ರೊಮೋಟರ್ ಭಾಗವೇ (ಜೀನ್ ಕೆಲಸ ಶುರುಮಾಡಿಸುವ ಭಾಗ) ಅಳಿಸಿಹೋಗಿರುವ ರೋಗಿಗಳೂ ವರದಿಯಾಗಿದ್ದಾರೆ. ಎಕ್ಸೋಮ್ ಆ ಭಾಗವನ್ನು ಓದುವುದೇ ಇಲ್ಲ. ಹೀಗಾಗಿ ‘ಜಿಎನ್‌ಇ ಜೀನ್‌ನ ಡಿಲೀಷನ್–ಡ್ಯೂಪ್ಲಿಕೇಷನ್ ವಿಶ್ಲೇಷಣೆ’ (ಜೀನ್‌ನ ತುಂಡು ಕಳೆದುಹೋಗಿದೆಯೇ, ಎರಡು ಬಾರಿ ಬಂದಿದೆಯೇ ಎಂದು ನೋಡುವ ಪರೀಕ್ಷೆ) ಎಂದು ಸ್ಪಷ್ಟವಾಗಿ ಬರೆಸಿ ಕೇಳಬೇಕು. ಅದರಲ್ಲೂ ಸಿಗದಿದ್ದರೆ ಹೋಲ್ ಜೀನೋಮ್ ಪರೀಕ್ಷೆ. ಅವರ ಎರಡನೆಯ ಬದಲಾವಣೆ ದೊಡ್ಡಮ್ಮನ ಕಡೆಯಿಂದ ಬಂದಿರುವ ಸಾಧ್ಯತೆ ಇರುವುದರಿಂದ ಅದು 618 ಆಗಿರಲೇಬೇಕೆಂದಿಲ್ಲ. ತಮ್ಮನ ಎರಡು ಜಾಗಗಳನ್ನಷ್ಟೇ ನೋಡಿ ಅವರನ್ನು ಇನ್ನೊಮ್ಮೆ ಹಿಂದಕ್ಕೆ ಕಳಿಸುವುದು ಬೇಡ. ಇದಕ್ಕೆ ತಿರುಗುಮುರುಗಾದ ಮೋಸವೂ ಉಂಟು: ಒಂದು ಪ್ರತಿ ಅಳಿಸಿಹೋಗಿದ್ದರೆ ಉಳಿದ ಪ್ರತಿಯ ಬದಲಾವಣೆ ‘ಹೋಮೋಜೈಗಸ್’ (ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ) ಎಂದು ಕಾಣುತ್ತದೆ. ಪಿ.ವ್ಯಾಲ್727ಮೆಟ್ ನಮ್ಮ ರೋಗಿಗಳಲ್ಲಿ ಬಹುತೇಕ ಇನ್ನೊಂದು ಬೇರೆ ಬದಲಾವಣೆಯ ಜೊತೆಗೇ ಸಿಗುವುದರಿಂದ, ಅದು ಹೋಮೋಜೈಗಸ್ ಎಂದು ಬರೆದ ವರದಿ ಕೈಗೆ ಬಂದರೆ ತಂದೆ-ತಾಯಿಯ ಮಾದರಿಯಿಂದ ತಾಳೆ ನೋಡದೆ ಒಪ್ಪಬಾರದು.

ಜೀನ್ ವರದಿ ರೋಗಿಯ ದೇಹಕ್ಕೆ ಹೊಂದಬೇಕು, ಇದನ್ನು ನರರೋಗ ತಜ್ಞರೇ ನೋಡಬೇಕು. ಜಿಎನ್‌ಇ ಮಯೋಪಥಿಯ ನಡೆ ವಿಶಿಷ್ಟ. ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಮೊದಲು ಸೋಲುತ್ತದೆ, ಪಾದ ಮೇಲೆತ್ತಲು ಆಗುವುದಿಲ್ಲ. ಬಳಿಕ ತೊಡೆಯ ಹಿಂಭಾಗ, ಸೊಂಟದ ಸುತ್ತ, ಕೈಬೆರಳು, ಭುಜ. ಆದರೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಬಹಳ ವರ್ಷ ಬಲವಾಗಿಯೇ ಉಳಿಯುತ್ತದೆ. ತೊಡೆಯ ಎಂಆರ್‌ಐ ತೆಗೆದರೆ ಹಿಂಭಾಗಕ್ಕೆ ಕೊಬ್ಬು ತುಂಬಿ ಮುಂಭಾಗ ಉಳಿದುಕೊಂಡಿರುವುದು ಎದ್ದು ಕಾಣುತ್ತದೆ. ಇನ್ನೊಂದು ಸುಲಭ ಗುರುತಿದೆ, ಯಂತ್ರವೂ ಬೇಡ: ರೋಗಿ ಅಂಗಾತ ಮಲಗಿ ಕೈ ಊರದೆ ತಲೆಯೆತ್ತಿದಾಗ ಹೊಕ್ಕುಳು ಮೇಲಕ್ಕೆ ಸರಿಯುತ್ತದೆ, ಏಕೆಂದರೆ ಹೊಟ್ಟೆಯ ಕೆಳಭಾಗದ ಸ್ನಾಯು ಮೇಲ್ಭಾಗಕ್ಕಿಂತ ಸೋತಿರುತ್ತದೆ. ಬೀವರ್ ಚಿಹ್ನೆ ಎಂದು ಇದರ ಹೆಸರು. ಜಿಎನ್‌ಇ ಮಯೋಪಥಿಯ ಬಹುಪಾಲು ರೋಗಿಗಳಲ್ಲಿ ಇದು ಇರುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು, ಅದನ್ನು ನಡೆಸಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಪ್ರಮುಖರು. ರಕ್ತದ ಸಿಕೆ (ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಕಿಣ್ವ) ಮಟ್ಟ ಸಹಜವಾಗಿರಬಹುದು ಅಥವಾ ಕೆಲವು ಪಟ್ಟು ಮಾತ್ರ ಏರಿರಬಹುದು. ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ ಬೇರೆ ಕಾಯಿಲೆಯನ್ನೂ ಯೋಚಿಸಬೇಕಾಗುತ್ತದೆ. ಎರಡು ರೋಗಕಾರಕ ಬದಲಾವಣೆಗಳು ಎರಡು ಪ್ರತಿಗಳ ಮೇಲೆ ಸಾಬೀತಾದರೆ, ಲಕ್ಷಣವೂ ಹೊಂದಿದರೆ, ಸ್ನಾಯುವಿನ ತುಂಡು ತೆಗೆಯುವ ಬಯಾಪ್ಸಿ ಅಗತ್ಯವಿಲ್ಲ.

ಡಿಸ್ಕ್ ಎಂದು ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಪಾದ ಜೋತುಬಿದ್ದಾಗ ಸೊಂಟದ ಎಲ್5 ನರ ಒತ್ತಿಕೊಂಡಿದೆ ಎಂದು ಅನಿಸುವುದು ಸಹಜ, ಎಂಆರ್‌ಐಯಲ್ಲಿ ಅಷ್ಟಿಷ್ಟು ಉಬ್ಬಿದ ಡಿಸ್ಕ್ ಸಿಕ್ಕಿಯೇ ಸಿಗುತ್ತದೆ. ಎರಡೂ ಪಾದ, ನೋವಿಲ್ಲ, ಜೋಮಿಲ್ಲ, ನಿಧಾನವಾಗಿ ಹೆಚ್ಚುತ್ತಿದೆ ಎಂದರೆ ಸ್ನಾಯುವಿನ ಕಡೆ ನೋಡಬೇಕು. ಶಾರ್ಕೋ–ಮೇರಿ–ಟೂತ್ ನರರೋಗ, ಮೋಟಾರ್ ನ್ಯೂರಾನ್ ಕಾಯಿಲೆ ಎಂದೂ ತಪ್ಪಾಗಿ ತಿಳಿಯುವುದುಂಟು. ಹೆಚ್ಚು ಹಾನಿಯಾಗುವುದು ‘ಪಾಲಿಮಯೋಸೈಟಿಸ್’ (ಸ್ನಾಯುಗಳ ಉರಿಯೂತ) ಎಂದುಕೊಂಡು ತಿಂಗಳುಗಟ್ಟಲೆ ಸ್ಟೆರಾಯ್ಡ್ ಕೊಟ್ಟಾಗ. ಇದು ಉರಿಯೂತದ ಕಾಯಿಲೆಯಲ್ಲ, ಸ್ಟೆರಾಯ್ಡ್‌ನಿಂದ ಬಲ ಬರುವುದಿಲ್ಲ. ತೂಕ ಏರುತ್ತದೆ, ಸಕ್ಕರೆ ಏರುತ್ತದೆ, ಮೂಳೆ ತೆಳುವಾಗುತ್ತದೆ, ಸ್ಟೆರಾಯ್ಡ್ ತಾನೇ ಸ್ನಾಯುವನ್ನು ಸೋಲಿಸುತ್ತದೆ. ಮೊದಲೇ ಎಡವಿ ಬೀಳುವವರಿಗೆ ಇದು ದೊಡ್ಡ ಹೊಡೆತ. ದೊಡ್ಡಪ್ಪನ ಮಗಳು ಈಗ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಇಳಿಸಬೇಕು.

ಮನೆಯ ಲೆಕ್ಕ ಈಗ ಮಾಡೋಣ, ತಂದೆ-ತಾಯಿ ಇಬ್ಬರೂ ಒಂದೊಂದು ಬದಲಾವಣೆಯ ವಾಹಕರು ಎಂದು ಖಚಿತವಾಯಿತೆಂದುಕೊಂಡು. ಅವರ ಪ್ರತಿ ಮಗುವಿಗೂ ಹುಟ್ಟುವಾಗ ಕಾಯಿಲೆಯ ಸಾಧ್ಯತೆ 25%, ವಾಹಕರಾಗುವ ಸಾಧ್ಯತೆ 50%, ಎರಡೂ ಇಲ್ಲದಿರುವ ಸಾಧ್ಯತೆ 25%. ಅಕ್ಕ 44ರಲ್ಲಿ ಆರೋಗ್ಯವಾಗಿದ್ದಾರೆ, ಸಾಮಾನ್ಯವಾಗಿ ಕಾಯಿಲೆ ಕಾಣುವ ವಯಸ್ಸು ದಾಟಿದ್ದಾರೆ. ಆದ್ದರಿಂದ ಅವರು ವಾಹಕಿಯಾಗಿರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು. ನಿಮಗೆ 33. ನೀವಿನ್ನೂ ಆ ವಯಸ್ಸಿನ ಪಟ್ಟಿಯೊಳಗೇ ಇದ್ದೀರಿ, ಹಾಗಾಗಿ ‘ನನಗಿಲ್ಲ’ ಎಂದು ಪೂರ್ತಿ ಹೇಳಲಾಗದು. ಹಿಮ್ಮಡಿಯ ಮೇಲೆ ನಿಂತು, ಪಾದದ ಮುಂಭಾಗ ಎತ್ತಿ ಹತ್ತು ಹೆಜ್ಜೆ ನಡೆಯಲು ಬರುತ್ತದೆಯೇ ನೋಡಿ. ಬಂದರೆ ಸಮಾಧಾನ, ಆದರೆ ಅದು ಜೀನ್ ಪರೀಕ್ಷೆಗೆ ಬದಲಿಯಲ್ಲ. ಪರೀಕ್ಷೆ ಮಾಡಿಸಬೇಕೋ ಬೇಡವೋ ನಿಮ್ಮ ನಿರ್ಧಾರ. ಮಾಡಿಸಿದರೆ ಬರುವ ಉತ್ತರ ವಾಹಕ ಎಂದಷ್ಟೇ ಇರಬೇಕಿಲ್ಲ, ಕಾಯಿಲೆ ಮುಂದೆ ಬರಲಿದೆ ಎಂದೂ ಇರಬಹುದು. ಈ ಎರಡನೆಯ ಉತ್ತರಕ್ಕೆ ಸಿದ್ಧರಾಗಿ, ವಿಮೆ ಮತ್ತು ಕೆಲಸದ ಲೆಕ್ಕಾಚಾರವನ್ನೂ ಯೋಚಿಸಿ ಹೋಗಿ.

ನಿಮ್ಮ ಮಕ್ಕಳಿಗೆ ಕಾಯಿಲೆ ಬರಬೇಕಾದರೆ ನಿಮ್ಮ ಪತ್ನಿಯೂ ಈ ಜೀನ್‌ನ ವಾಹಕಿಯಾಗಿರಬೇಕು. ಆತಂಕ ಇದ್ದರೆ ಪರೀಕ್ಷಿಸಬೇಕಾದ್ದು ದೊಡ್ಡವರನ್ನು, ಮಕ್ಕಳನ್ನಲ್ಲ. ವಯಸ್ಕರಾದ ಮೇಲೆ ಕಾಣುವ, ಬಾಲ್ಯದಲ್ಲಿ ತಡೆಯುವ ಔಷಧವಿಲ್ಲದ ಕಾಯಿಲೆಗೆ ಲಕ್ಷಣವಿಲ್ಲದ ಮಕ್ಕಳನ್ನು 18 ತುಂಬುವ ಮೊದಲು ಪರೀಕ್ಷಿಸಬಾರದು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತ ನಡೆ. ಮಗು ದೊಡ್ಡದಾಗಿ ತಾನೇ ನಿರ್ಧರಿಸಲಿ.

ತಮ್ಮನ ಮದುವೆಯ ವಿಷಯ ನೇರವಾಗಿ ಹೇಳುತ್ತೇನೆ. ತಮ್ಮನ ಎರಡೂ ಪ್ರತಿಗಳು ಕೆಟ್ಟಿರುವುದರಿಂದ ಅವರ ಪ್ರತಿ ಮಗುವೂ ವಾಹಕ ಆಗಿಯೇ ಆಗುತ್ತದೆ. ಕಾಯಿಲೆ ಬರುತ್ತದೆಯೇ ಎಂಬುದು ಹೆಂಡತಿಯ ಜೀನ್ ಮೇಲೆ ನಿಂತಿದೆ. ಅಕ್ಕ ವಾಹಕಿಯಾಗಿರುವ ಸಾಧ್ಯತೆ 2/3. ಅದು ಮಗಳಿಗೆ ಇಳಿದಿರುವ ಸಾಧ್ಯತೆ ಅದರ ಅರ್ಧ, ಅಂದರೆ 1/3. ಅವಳು ವಾಹಕಿಯಾದರೆ ಪ್ರತಿ ಮಗುವಿಗೆ ಕಾಯಿಲೆಯ ಸಾಧ್ಯತೆ 1/2. ಒಟ್ಟು 1/6. ಅಕ್ಕನಿಗೆ ಬಂದಿರುವುದು 727 ಆದರೂ 618 ಆದರೂ ಲೆಕ್ಕ ಬದಲಾಗುವುದಿಲ್ಲ. ಹೋಲಿಕೆಗಾಗಿ, ಸಂಬಂಧದ ಹೊರಗಿನ ಹುಡುಗಿಯ ಸಮುದಾಯದಲ್ಲಿ ನೂರರಲ್ಲಿ ಒಬ್ಬರು ವಾಹಕರು ಎಂದು ಇಟ್ಟುಕೊಂಡರೂ ಅದು 1/200 ಆಗುತ್ತದೆ. ಅಕ್ಕನ ಮಗಳು ವಯಸ್ಕಳಾಗಿದ್ದು, ಒಪ್ಪಿ ಎರಡು ಜಾಗಗಳನ್ನು ಪರೀಕ್ಷಿಸಿಕೊಂಡು ಎರಡೂ ಇಲ್ಲವೆಂದಾದರೆ, ಈ ಕಾಯಿಲೆಯ ಮಟ್ಟಿಗೆ ಆ 1/6 ಅಪಾಯ ಹೋಗುತ್ತದೆ. ಆದರೆ ಮದುವೆಯ ಮಾತಿನ ಒತ್ತಡದಲ್ಲಿ ಅವಳ ಮೇಲೆ ಪರೀಕ್ಷೆ ಹೇರುವುದು ಅನ್ಯಾಯ. ಮೊದಲು ಅಕ್ಕನ ಪರೀಕ್ಷೆಯಾಗಲಿ. ಅಕ್ಕನಲ್ಲಿ ಎರಡೂ ಇಲ್ಲದಿದ್ದರೆ ಈ ಎರಡು ಬದಲಾವಣೆಗಳು ಅವರ ಕಡೆಯಿಂದ ಮಗಳಿಗೆ ಬಂದಿರುವ ಪ್ರಶ್ನೆಯೇ ಇಲ್ಲ. ತಮ್ಮ ಹೊರಗಿನವರನ್ನು ಮದುವೆಯಾದರೂ ಹುಡುಗಿಗೆ ಕಾಯಿಲೆಯ ವಿಷಯ ಮುಚ್ಚಿಡದೆ ಹೇಳಲೇಬೇಕು. ಅವರು ಬಯಸಿದರೆ ಇಡೀ ಜಿಎನ್‌ಇ ಜೀನ್ ಓದಿಸಬಹುದು.

ಔಷಧದ ಬಗ್ಗೆ ಆಸೆಯನ್ನೂ ಸತ್ಯವನ್ನೂ ಒಟ್ಟಿಗೇ ಹೇಳಬೇಕಾಗಿದೆ. ಸಯಾಲಿಕ್ ಆಮ್ಲ ಕಡಿಮೆಯಾದದ್ದೇ ಕಾರಣವಾದರೆ ಅದನ್ನೇ ಕೊಟ್ಟರಾಯಿತಲ್ಲ ಎಂಬ ಯೋಚನೆ ಸರಳ. 2009ರಲ್ಲಿ ಜಪಾನಿನ ಸಂಶೋಧಕರು ಈ ಕಾಯಿಲೆಯ ಇಲಿಗಳಿಗೆ ಮೊದಲಿನಿಂದಲೇ ಸಯಾಲಿಕ್ ಆಮ್ಲ ಮತ್ತು ಅದರ ಪೂರ್ವರೂಪಗಳನ್ನು ಕೊಟ್ಟು ಸ್ನಾಯು ಕೆಡದಂತೆ ತಡೆದರು. ಮನುಷ್ಯರಲ್ಲಿ ಅಷ್ಟು ಸುಲಭವಾಗಲಿಲ್ಲ. ದಿನಕ್ಕೆ 6 ಗ್ರಾಂ ನಿಧಾನವಾಗಿ ಬಿಡುಗಡೆಯಾಗುವ ಸಯಾಲಿಕ್ ಆಮ್ಲದ ಮಾತ್ರೆಯನ್ನು 89 ಮಂದಿ ಭಾಗವಹಿಸಿದ ಮೂರನೆಯ ಹಂತದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 48 ವಾರ ಪರೀಕ್ಷಿಸಿದರು. ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ಫಲಿತಾಂಶ ಬಂತು. ಜಪಾನಿನಲ್ಲಿ ಪ್ರಯತ್ನ ಮುಂದುವರಿದು, 2024ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಇದೇ ಔಷಧಕ್ಕೆ ಅನುಮತಿ ನೀಡಿತು. ಅಮೆರಿಕದಲ್ಲಿ ಮ್ಯಾನ್‌ನ್ಯಾಕ್ ಎಂಬ ಪೂರ್ವರೂಪದ ಮೇಲೆ ಪ್ರಯೋಗ ನಡೆದಿದೆ. ಜೀನ್ ಚಿಕಿತ್ಸೆ ಸಂಶೋಧನೆಯ ಹಂತದಲ್ಲಿದೆ. ಇವುಗಳಲ್ಲಿ ಯಾವುದೂ ಸೋತ ಸ್ನಾಯುವನ್ನು ಮರಳಿ ಕಟ್ಟುವುದಿಲ್ಲ, ನಿಧಾನಿಸುವ ಪ್ರಯತ್ನ ಮಾತ್ರ.

ಅಂತರ್ಜಾಲದಲ್ಲಿ ‘ಸಯಾಲಿಕ್ ಆಸಿಡ್ ಪೌಡರ್’ ಮಾರುವವರಿದ್ದಾರೆ. ಸಾಮಾನ್ಯ ಸಯಾಲಿಕ್ ಆಮ್ಲ ರಕ್ತಕ್ಕೆ ಸೇರಿದ ಕೂಡಲೇ ಮೂತ್ರದಲ್ಲಿ ಹೋಗಿಬಿಡುತ್ತದೆ; ನಿಧಾನ ಬಿಡುಗಡೆಯ ಮಾತ್ರೆ ಮಾಡಬೇಕಾಗಿ ಬಂದದ್ದೇ ಅದಕ್ಕೆ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೇಳುವ ಕ್ಲಿನಿಕ್‌ಗಳಿಗೆ ಹೋಗಬೇಡಿ. ಸ್ನಾಯು ರೋಗಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ನಮ್ಮ ದೇಶದಲ್ಲಿ ಮಾನ್ಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಅನುಮತಿ ಪಡೆದ ವೈದ್ಯಕೀಯ ಪ್ರಯೋಗದ ಹೊರಗೆ ಅದನ್ನು ಕೊಡುವಂತಿಲ್ಲ, ಪ್ರಯೋಗವಾದರೆ ರೋಗಿಯಿಂದ ಹಣ ಪಡೆಯುವಂತಿಲ್ಲ.

ದಿನನಿತ್ಯದಲ್ಲಿ ನಿಜವಾದ ವ್ಯತ್ಯಾಸ ಮಾಡುವುದು ಪಾದದ ಆಸರೆ. ಎಎಫ್‌ಒ ಎಂಬ ಪಟ್ಟಿ ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ಹಿಡಿದು ಬೆರಳು ನೆಲಕ್ಕೆ ತಗಲದಂತೆ ಮಾಡುತ್ತದೆ. ತಮ್ಮನ ತೊಡೆಯ ಮುಂಭಾಗ ಬಲವಾಗಿರುವುದರಿಂದ ಮಂಡಿ ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ಭಾರವಾದ, ಮಂಡಿಯವರೆಗೆ ಬಿಗಿದ ಉಪಕರಣ ಬೇಡ. ತೆಳುವಾದ ಪಾಲಿಪ್ರೊಪಿಲೀನ್ ಅಥವಾ ಇನ್ನೂ ಹಗುರವಾದ ಕಾರ್ಬನ್ ಫೈಬರ್ ಪಟ್ಟಿ ಸಾಕು. ಭಾರ ಹೆಚ್ಚಿದಷ್ಟೂ ಮೊದಲೇ ಸೋತಿರುವ ಸೊಂಟದ ಸ್ನಾಯು ಕಾಲೆತ್ತಲು ಹೆಣಗುತ್ತದೆ, ಕೊನೆಗೆ ಪಟ್ಟಿ ಮೂಲೆ ಸೇರುತ್ತದೆ. ರೆಡಿಮೇಡ್ ಕೊಳ್ಳದೆ ಅಳತೆ ಕೊಟ್ಟು ಮಾಡಿಸಿ. ಶೂ ಒಂದು ಸೈಜ್ ದೊಡ್ಡದಿರಲಿ, ಚಪ್ಪಲಿಯಾದರೆ ಹಿಂಬದಿ ಪಟ್ಟಿ ಇರಲಿ. ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಮಾತ್ರ ಹಾಕಿ, ತೆಗೆದ ಮೇಲೆ ಚರ್ಮ ನೋಡಿ. ಕೆಂಪಾದದ್ದು ಅರ್ಧ ಗಂಟೆಯಲ್ಲಿ ಮಾಯದಿದ್ದರೆ ಪಟ್ಟಿಯನ್ನು ಸರಿಪಡಿಸಬೇಕು.

ವ್ಯಾಯಾಮ ನಿಲ್ಲಿಸುವುದು ಬೇಡ, ಅತಿ ಭಾರ ಎತ್ತುವುದೂ ಬೇಡ. ಈಜು, ಕೂತು ತುಳಿಯುವ ಸೈಕಲ್, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯದಂತೆ ದಿನವೂ ಎಳೆಯುವ ವ್ಯಾಯಾಮ ಒಳ್ಳೆಯವು. ಮಾಡಿದ ಮರುದಿನವೂ ಬಲ ಕಡಿಮೆ ಅನಿಸಿದರೆ ಹಿಂದಿನ ದಿನದ್ದು ಜಾಸ್ತಿಯಾಯಿತು ಎಂದರ್ಥ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. ನೆಲದ ಮೇಲಿನ ಊಟ, ಭಾರತೀಯ ಶೈಲಿಯ ಶೌಚಾಲಯ ಬೇಗ ಕಷ್ಟವಾಗುತ್ತವೆ, ಏಕೆಂದರೆ ಮೇಲೇಳಲು ಬೇಕಾದ ಸೊಂಟದ ಸ್ನಾಯು ಸೋಲುತ್ತದೆ. ಎತ್ತರಿಸಿದ ಕಮೋಡ್, ಗೋಡೆಗೆ ಹಿಡಿ, ಮೆಟ್ಟಿಲಿಗೆ ಎರಡೂ ಬದಿ ಕಂಬಿ ಇವೆಲ್ಲ ಬಿದ್ದ ಮೇಲಲ್ಲ, ಮೊದಲೇ ಹಾಕಿಸಿ. ಬಹುತೇಕ ರೋಗಿಗಳು ಕಾಯಿಲೆ ಶುರುವಾಗಿ 10ರಿಂದ 20 ವರ್ಷಗಳಲ್ಲಿ ಗಾಲಿಕುರ್ಚಿಗೆ ಬರುತ್ತಾರೆ. ಓದು, ಕೆಲಸದ ಆಯ್ಕೆ ಮಾಡುವಾಗ ಇದನ್ನು ತಮ್ಮನೊಂದಿಗೆ ಮುಕ್ತವಾಗಿ ಮಾತಾಡಿ. ಕೈಬೆರಳಿನ ಬಲವೂ ಮುಂದೆ ಕುಂದುವುದನ್ನು ಲೆಕ್ಕಕ್ಕಿಡಿ.

ಹೃದಯಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ; ಒಮ್ಮೆ ಇಸಿಜಿ ಮತ್ತು ಎಕೋ ಮಾಡಿಸಿ ಇಟ್ಟುಕೊಳ್ಳಿ. ಉಸಿರಾಟದ ಸ್ನಾಯು ಕಾಯಿಲೆ ಬೆಳೆದ ಕೆಲವರಲ್ಲಿ ಸೋಲುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಎಫ್‌ವಿಸಿ ಊದುವ ಪರೀಕ್ಷೆಯನ್ನು ಕೂತೂ ಮಲಗಿಯೂ ಮಾಡಿಸಿ. ಒಂದು ಸಣ್ಣ ರಕ್ತಪರೀಕ್ಷೆಯನ್ನು ಹೆಚ್ಚಿನವರು ಮರೆಯುತ್ತಾರೆ: ಪ್ಲೇಟ್‌ಲೆಟ್ ಎಣಿಕೆ. ಜಿಎನ್‌ಇ ಜೀನ್‌ನ ಕೆಲವು ಬದಲಾವಣೆಗಳಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವುದು ದಾಖಲಾಗಿದೆ. ತಮ್ಮನ ಎಣಿಕೆ ಒಮ್ಮೆಯಾದರೂ ನೋಡಿಸಿ, ಹಲ್ಲು ಕೀಳಿಸುವುದೋ ಶಸ್ತ್ರಚಿಕಿತ್ಸೆಯೋ ಇದ್ದರೆ ಖಂಡಿತ ನೋಡಿಸಿ.

ಮೊದಲ ಭೇಟಿಗೆ ನಿಮ್ಹಾನ್ಸ್‌ನ ಸ್ನಾಯು-ನರ ರೋಗಗಳ ಕ್ಲಿನಿಕ್‌ಗೆ ಹೋಗುವಿರಾದರೆ, ಇಬ್ಬರ ಮೂಲ ವರದಿಗಳು ಪೂರ್ತಿ ಪುಟಗಳೊಂದಿಗೆ ಇರಲಿ, ಕೊನೆಯ ಪುಟದ ‘ಪರೀಕ್ಷೆಯ ಮಿತಿಗಳು’ ಭಾಗವೂ ಸೇರಿ. ಸಾಧ್ಯವಾದರೆ ಲ್ಯಾಬಿನಿಂದ ಎಕ್ಸೋಮ್‌ನ ಮೂಲ ಡೇಟಾ ಕೇಳಿ ಪಡೆದುಕೊಳ್ಳಿ. ಕೇಳುವ ಹಕ್ಕು ನಿಮಗಿದೆ, ಮತ್ತೆ ವಿಶ್ಲೇಷಿಸಲು ಅದು ಬೇಕು. ಅಪ್ಪ, ಅಮ್ಮ, ತಮ್ಮ, ದೊಡ್ಡಪ್ಪನ ಮಗಳು ಒಂದೇ ದಿನ ಹೋದರೆ ಮಾದರಿ ಕೊಡುವುದು ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಕೂಡ ಇದೆ, ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಅದೂ ಒಂದು. ದೇಶದ ಜಿಎನ್‌ಇ ಮಯೋಪಥಿ ರೋಗಿಗಳನ್ನು ಒಟ್ಟುಗೂಡಿಸುವ ‘ವರ್ಲ್ಡ್ ವಿದೌಟ್ ಜಿಎನ್‌ಇ ಮಯೋಪಥಿ’ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದರೆ ಮುಂದೆ ಬರುವ ಪ್ರಯೋಗಗಳ ಸುದ್ದಿ ಸಿಗುತ್ತದೆ. ಎರಡು ಬದಲಾವಣೆಗಳೂ ಖಚಿತವಾದವರನ್ನಷ್ಟೇ ಇಂಥ ಪ್ರಯೋಗಗಳಿಗೆ ಸೇರಿಸಿಕೊಳ್ಳುತ್ತಾರೆ. ತಮ್ಮನಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಕ್ರಮೇಣ ಕ್ಷಯಿಸುವ ಕಾಯಿಲೆಗಳ ಗುಂಪು) ಚಲನೆಯ ಅಂಗವೈಕಲ್ಯದಡಿ ಸೇರಿದೆ, 40% ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಮೀಸಲಾತಿ ಮತ್ತು ಸೌಲಭ್ಯಗಳು ಅನ್ವಯಿಸುತ್ತವೆ. ಕಾಯಿಲೆ ಮುಂದುವರಿಯುವಂಥದ್ದಾದ್ದರಿಂದ ಈಗಿನ ಪ್ರಮಾಣ ಕಡಿಮೆ ಬಂದರೂ ನಿರಾಶರಾಗದೆ, ಬಲ ಇನ್ನಷ್ಟು ಕುಂದಿದಾಗ ಮತ್ತೆ ತಪಾಸಣೆಗೆ ಕೇಳಿ.